ಏಳನೇ ಪುಸ್ತಕದ ಸುದ್ದಿ ಹೇಳಲು ಹಾಲ್ಕುರಿಕೆಗೆ ಹೋದದ್ದು

ಶನಿವಾರ ಬೆಳಿಗ್ಗೆ ಹಸು ಕರೆದು, ನಾಲ್ಕು ರಾಗಿ ರೊಟ್ಟಿ, ಒಂದಿಷ್ಟು ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಮಾಯಸಂದ್ರಕ್ಕೆ ನಡೆದೆ. ನಮ್ಮೂರಿಂದ ಎರಡು ಮೈಲಿ. ಆಷಾಢದ ಜಿಟಿಜಿಟಿ ಮಳೆ ಹಿಡಿದು ಮೂರು ದಿನವಾಗಿತ್ತು. ಕೊಡೆ ಇತ್ತು, ಅದರಲ್ಲಿ ಎರಡು ಕಡ್ಡಿ ಇರಲಿಲ್ಲ. "ಈ ಮಳೇಲಿ ಹೋಗ್ಲೇಬೇಕಾ ಅತ್ತೆ? ಒಂದು ಕಾಗ್ದ ಬರ್ದಾಕಿದ್ರೆ ಸಾಕಾಗ್ತಿರ್ಲಿಲ್ವಾ?" ಅಂದಳು ಸೊಸೆ. ಕಾಗದದಲ್ಲಿ ಬರೆಯುವ ಸುದ್ದಿಯಲ್ಲ ಎಂದು ಹೊರಟೆ.

ಸುದ್ದಿ ಏನೆಂದು ಮೊದಲೇ ಹೇಳುತ್ತೇನೆ. ನಾನು ಈಚೆಗೆ ಓದು ಬರಹ ಕಲಿತ ಅಕ್ಷರ ಕ್ಲಾಸಿನ ಹೆಂಗಸರಲ್ಲಿ ಅರ್ಧ ಜನಕ್ಕೆ ಇದು ಗೊತ್ತಿಲ್ಲ. ಮೂವತ್ತು ವರ್ಷದ ಹಿಂದೆ ನಮ್ಮೂರ ಶಾಲೆಗೆ ಹನುಮಯ್ಯ ಮೇಷ್ಟ್ರು ಬಂದಿದ್ದರು. ನಮ್ಮ ಮನೆಯ ಹೊರಕೋಣೆಯಲ್ಲೇ ಇದ್ದರು. ಮಕ್ಕಳ ಕತೆ ಬರೆಯುವುದು ಅವರ ಅಭ್ಯಾಸ. ನಾನು ಅಂಗಳದಲ್ಲಿ ಕಾಯಿ ಸುಲಿಯುವಾಗ ಎದುರಿಗೆ ನೆಲದ ಮೇಲೆ ಕೂತು ಬರೆದದ್ದನ್ನು ಓದುತ್ತಿದ್ದರು. ಆಡುತ್ತಿದ್ದ ಮಕ್ಕಳು ಆಟ ಬಿಟ್ಟು ಬಂದರೆ ಕತೆ ಇಟ್ಟುಕೊಳ್ಳುತ್ತಿದ್ದರು, ಬರದಿದ್ದರೆ ಹರಿದು ಹಾಕುತ್ತಿದ್ದರು. ವರ್ಗವಾಗಿ ಹೋಗುವಾಗ ದಾರದಲ್ಲಿ ಹೊಲಿದ ಒಂದು ಪುಸ್ತಕ ನನ್ನ ಕೈಗೆ ಕೊಟ್ಟರು. "ಕೆಂಪಮ್ಮ, ಇದನ್ನ ಇನ್ನೂ ತಿದ್ದಬೇಕು. ನಿಮ್ಮ ಕೊಬ್ಬರಿ ಅಟ್ಟದ ಮೇಲಿರಲಿ. ಹೊಗೆ ಆಡೋ ಕಡೆ ಗೆದ್ದಲು ಬರಲ್ಲ. ಬಂದು ತಗೊಂಡು ಹೋಗ್ತೀನಿ" ಅಂದರು. ಬರಲಿಲ್ಲ.

ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಮಳೆಗಾಲದಲ್ಲಿ ತಂಡಿ ಹಿಡಿದು ಕೊಳೆಯದಂತೆ ಕೆಳಗೆ ಹೊಗೆ ಹಾಕುತ್ತೇವೆ. ಒಂದು ವರ್ಷ ಮಳೆ ಬಿಡಲೇ ಇಲ್ಲ. ಸಿಪ್ಪೆ, ಗರಿ ಎಲ್ಲಾ ನೆಂದು ಬೆಂಕಿ ಹತ್ತಲಿಲ್ಲ. ಅಟ್ಟದ ಮೂಲೆಯಲ್ಲಿ ಆ ಪುಸ್ತಕ ಕಂಡಿತು. ದಿನಕ್ಕೆ ಎರಡು ಮೂರು ಹಾಳೆಯಂತೆ ಹರಿದು ಉರಿ ಹೊತ್ತಿಸಿದೆ. ಚೆನ್ನಾಗಿ ಉರಿಯಿತು. ಒಂದು ಹಾಳೆಯಲ್ಲಿ ಮಾತ್ರ ಕಣ್ಣುಮೂಗು ಇರುವ ತೆಂಗಿನಕಾಯಿಗಳ ಚಿತ್ರ ಇತ್ತು. ಅದು ಚೆನ್ನಾಗಿದೆ ಎಂದು ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದೆ. ನಮ್ಮತ್ತೆ ಹೇಳಿದರು, ಅದಕ್ಕೆ ಸುಟ್ಟೆ ಎನ್ನಬಹುದಿತ್ತು. ಅತ್ತೆ ಆಗ ಬದುಕೇ ಇರಲಿಲ್ಲ.

ಹೋದ ತಿಂಗಳು ಹಾಲ್ಕುರಿಕೆಯಿಂದ ಪಾಪಣ್ಣ ಎಂಬುವರ ಕಾಗದ ಬಂತು. ನಾನೇ ಓದಿದೆ. ಹನುಮಯ್ಯ ಮೇಷ್ಟ್ರು ತೀರಿಕೊಂಡ ಮೇಲೆ ಅವರ ಕತೆಗಳನ್ನು ಕಾಪಾಡಲು ಮೂರು ಜನ ಸೇರಿದ್ದೇವೆ, ಕೈಬರಹದ ಆರು ಪುಸ್ತಕ ಸಿಕ್ಕಿವೆ, ಅಚ್ಚು ಹಾಕಿಸಿದ್ದೇವೆ, ಏಳನೆಯದು ನಿಮ್ಮ ಅಟ್ಟದಲ್ಲಿದೆ ಎಂದು ಮೇಷ್ಟ್ರು ಡೈರಿಯಲ್ಲಿ ಬರೆದಿಟ್ಟಿದ್ದಾರೆ ಎಂದಿತ್ತು. ನಾನು ಒಂದು ಕಾರ್ಡಿನಲ್ಲಿ "ಶನಿವಾರ ನಾನೇ ಬರುತ್ತೇನೆ, ಎದುರಿಗೆ ಹೇಳುತ್ತೇನೆ" ಎಂದು ಬರೆದು ಹಾಕಿದೆ. ಟ್ರಂಕಿನ ಹಾಳೆಯನ್ನು ನೀರು ಸವರಿ ಬಿಡಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮಾಯಸಂದ್ರದಿಂದ ತುರುವೇಕೆರೆಗೆ ನಾಲ್ಕು ರೂಪಾಯಿ. ಬಸ್ಸಿನ ಮೇಲ್ಛಾವಣಿ ಸೋರುತ್ತಿತ್ತು. ಕಂಡಕ್ಟರು ನನ್ನನ್ನು ಸೋರುವ ಸೀಟಿಗೇ ಕೂರಿಸಿದ. "ಇಲ್ಲಿ ನೀರು ಬೀಳ್ತದೆ ಕಣಪ್ಪ" ಅಂದೆ. "ಕೊಡೆ ಐತಲ್ಲಜ್ಜಿ, ಬಿಚ್ಕೊ" ಅಂದ. ಬಿಚ್ಚಿಕೊಂಡೆ. ಪಕ್ಕದವರು ಬೈದರು, ಕಂಡಕ್ಟರನ್ನೇ ಕೇಳಿ ಎಂದೆ.

ತುರುವೇಕೆರೆ ಬಸ್ ಸ್ಟ್ಯಾಂಡಿನಲ್ಲಿ ಎರಡು ರೊಟ್ಟಿ ತಿಂದು ತಿಪಟೂರಿನ ಬಸ್ಸು ಹತ್ತಿದೆ. ಎಂಟು ರೂಪಾಯಿ, ಒಂದು ಗಂಟೆಯ ದಾರಿ. ಎರಡೂ ಕಡೆ ತೋಟ. ನುಸಿ ಬಿದ್ದ ಮರಗಳ ಕಾಯಿ ಸಣ್ಣಗೆ, ಕಂದು ಬಣ್ಣಕ್ಕೆ ತಿರುಗಿದ್ದವು. ಪಕ್ಕದಲ್ಲಿ ಕೂತಿದ್ದ ಹೆಂಗಸು ತವರಿಗೆ ಹೋಗುತ್ತಿದ್ದಳು. ಎಲ್ಲಿಗೆ ಎಂದು ಕೇಳಿದಳು. ಹನುಮಯ್ಯ ಮೇಷ್ಟ್ರ ಪುಸ್ತಕದವರ ಹತ್ತಿರ ಎಂದೆ.

"ಕತೆ ಮೇಷ್ಟ್ರಾ? ನಮ್ಮುಡುಗಿ ಅವ್ರ ಕತೆ ಓದಿ ಹೇಳ್ದೆ ಇದ್ರೆ ತುತ್ತೇ ಎತ್ತಲ್ಲ ಕಣಕ್ಕ. ಪುಸ್ತಕ ಹರ್ದು ಚಿಂದಿಯಾಗೈತೆ. ಇನ್ನೊಂದು ಬರ್ತದೆ ಅಂತಿದ್ರು, ಬಂತಾ?"

"ಬರಲ್ಲ" ಅಂದೆ.

"ಯಾಕಕ್ಕ?"

"ಅದೇ ಹೇಳಕ್ಕೆ ಹೋಗ್ತಿದ್ದೀನಿ."

ತಿಪಟೂರಿನಲ್ಲಿ ಇಳಿಯುವಾಗ ಅವಳೇ ನನ್ನ ಕೊಡೆ ಹಿಡಿದುಕೊಂಡು ಇಳಿಸಿದಳು.

ತಿಪಟೂರಿನಲ್ಲಿ ಕೊಬ್ಬರಿ ಮಾರ್ಕೆಟ್ಟಿನ ದಿನ. ತಾಡಪಾಲು ಹೊದಿಸಿದ ಲಾರಿಗಳು ರಸ್ತೆಯುದ್ದಕ್ಕೂ ನಿಂತಿದ್ದವು. ನೆಂದ ಗೋಣಿಯ ವಾಸನೆ, ಕೊಬ್ಬರಿಯ ವಾಸನೆ ಎರಡೂ ಸೇರಿ ತಲೆ ಹಿಡಿಯಿತು. ಒಂದು ಕಾಫಿ ಕುಡಿದೆ, ಸಕ್ಕರೆ ಜಾಸ್ತಿ. ವಾಪಸು ಮಾಯಸಂದ್ರದ ಕಡೆಗೆ ಒಂದು ಬಸ್ಸು ನಿಂತಿತ್ತು. ಹತ್ತಿಬಿಡಲಾ ಎಂದು ಅನ್ನಿಸಿದ್ದು ಸುಳ್ಳಲ್ಲ. ಹಾಲ್ಕುರಿಕೆ ಬಸ್ಸು ಮೊದಲು ಬಂತು. ಹತ್ತಿದೆ.

ಹಾಲ್ಕುರಿಕೆಯಲ್ಲಿ ಇಳಿದಾಗ ಮೂರು ಗಂಟೆ. ಮೂವರೂ ಮಳೆಯಲ್ಲೇ ಬಂದು ನಿಂತಿದ್ದರು. ಪಾಪಣ್ಣನವರು ರಿಟೈರಾದ ಪೋಸ್ಟ್‌ಮ್ಯಾನು, ಉದ್ದಕ್ಕೆ ಒಣಕಲು ಆಸಾಮಿ. ಖಾದರ್ ಸಾಬರು ಟೈಲರು, ಕಿವಿಯ ಮೇಲೆ ಸೀಮೆಸುಣ್ಣದ ತುಂಡು ಇತ್ತು. ಸರೋಜಮ್ಮ ಹೈಸ್ಕೂಲು ಟೀಚರು. ಯಾರೂ ಮೇಷ್ಟ್ರಿಗೆ ನೆಂಟರಲ್ಲ. ನನ್ನ ಕೈಯಿಂದ ರೊಟ್ಟಿ ಚೀಲ ಇಸಿದುಕೊಂಡು ಪಾಪಣ್ಣ ಅದರ ತೂಕ ನೋಡಿದ್ದನ್ನು ನಾನು ಕಂಡೆ.

ಒಂದು ಹಳೇ ಅಂಗಡಿಯ ಕೋಣೆಯಲ್ಲಿ ಅವರ ಕೆಲಸ. ಒಂದು ಕಬ್ಬಿಣದ ಟ್ರಂಕು, ಅದರಲ್ಲಿ ಪುಸ್ತಕಗಳು, ಹುಳ ಬೀಳದಂತೆ ತುಂಬ ಬೇವಿನಸೊಪ್ಪು. ಪ್ರತಿ ಭಾನುವಾರ ಮೊಪೆಡ್ಡಿಗೆ ಟ್ರಂಕು ಕಟ್ಟಿಕೊಂಡು ಒಂದೊಂದು ಊರಿನ ಶಾಲೆಗೆ ಹೋಗಿ ಮಕ್ಕಳಿಗೆ ಓದಿ ಬರುತ್ತಾರೆ. ಕೆಂಕೆರೆವರೆಗೂ ಹೋಗಿದ್ದಾರಂತೆ. ಓದುವವರು ನೆಲದ ಮೇಲೆ, ಕೇಳುವ ಮಕ್ಕಳು ಬೆಂಚಿನ ಮೇಲೆ. ಮೇಷ್ಟ್ರು ಹಾಗೇ ಮಾಡುತ್ತಿದ್ದರು, ಇವರೂ ಹಾಗೇ ಮಾಡುತ್ತಾರೆ. ಪಾಪಣ್ಣನಿಗೆ ಮಂಡಿನೋವು, ಆದರೂ ನೆಲವೇ. ಆರು ಪುಸ್ತಕಕ್ಕೂ ಖಾದರ್ ಸಾಬರು ಬಟ್ಟೆಯ ಚೀಲ ಹೊಲಿದು ಮೇಲೆ ದಾರದಲ್ಲಿ ನಂಬರು ಹಾಕಿದ್ದರು.

ನನ್ನನ್ನು ಇದ್ದ ಒಂದೇ ಕುರ್ಚಿಯಲ್ಲಿ ಕೂರಿಸಿದರು. ಖಾದರ್ ಸಾಬರು ಹೊಸದಾಗಿ ಹೊಲಿದ ನೀಲಿ ಚೀಲ ತಂದು ನನ್ನ ತೊಡೆಯ ಮೇಲಿಟ್ಟರು. ಅದರ ಮೇಲೆ ಏಳು ಎಂದಿತ್ತು.

"ನಿಮ್ಮ ಕೈಯಿಂದಾನೇ ಅದ್ರೊಳಗೆ ಇಡಿ ಅಮ್ಮಾ" ಅಂದರು.

ಹೇಳುವವರು ನೆಲದ ಮೇಲಲ್ಲವೇ ಕೂರಬೇಕು. ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತೆ. ಸೊಂಟದಿಂದ ಹಾಳೆ ತೆಗೆದು ಕೊಟ್ಟೆ. "ಇಷ್ಟೇ ಇರೋದು. ಉಳಿದಿದ್ದು ನಾನು ಬೆಂಕಿಗೆ ಹಾಕಿದೆ. ಆಗ ನಂಗೆ ಓದಕ್ಕೆ ಬರ್ತಿರ್ಲಿಲ್ಲ" ಅಂದೆ.

ಪಾಪಣ್ಣ ಹಾಳೆಯನ್ನು ತಿರುಗಿಸಿ ಹಿಂದೆ ಮುಂದೆ ನೋಡಿದರು.

"ಗೆದ್ದಲು ತಿಂದೀತು ಅಂತ ಹೊಗೆಯೊಳಗೆ ಇಟ್ಟವ್ರೆ ಮಾರಾಯ್ತಿ. ನೀವು ಹೊಗೆಗೇ ಹಾಕ್ಬುಟ್ರಲ್ಲ" ಅಂದರು. ಎದ್ದು ಹೊರಗೆ ಹೋಗಿ, ಕೊಳೆಯೇ ಇಲ್ಲದ ಮೊಪೆಡ್ಡನ್ನು ಒರೆಸತೊಡಗಿದರು. ಮಳೆಯಲ್ಲಿ ಒರೆಸುತ್ತಿದ್ದರು.

ಖಾದರ್ ಸಾಬರು ಬಾಗಿಲ ಕಡೆ ನೋಡಿ ಗಟ್ಟಿಯಾಗಿ ಅಂದರು: "ಪಾಪಣ್ಣ, ಒಳಗ್ ಬಾರಪ್ಪ. ನಾನು ಮಾಡಿದ್ದು ಮರ್ತೋಯ್ತಾ?" ಆಮೇಲೆ ನನ್ನ ಕಡೆ ತಿರುಗಿದರು. "ನಾನು ಮೇಷ್ಟ್ರ ಪುಸ್ತಕ ಒಂದನ್ನ ರದ್ದೀಲಿ ತಂದು, ರವಿಕೆ ತೋಳಿನ ಅಳತೆಗೆ ಕತ್ತರಿಸಿದೋನು ಅಮ್ಮಾ. ಕತ್ತರಿಸಿದ ಹಾಳೇಲಿ ಅರ್ಧ ಕತೆ ಇತ್ತು. ಇನ್ನರ್ಧ ಏನಾಯ್ತೋ ಅಂತ ಹುಡುಕ್ಕೊಂಡು ಪಾಪಣ್ಣನ ಹತ್ರ ಬಂದೆ. ಆಗಿಂದ ಇಲ್ಲೇ ಇದ್ದೀನಿ."

"ಇವ್ನ ಕತ್ತರಿ ಒಂದು, ನಿಮ್ಮ ಒಲೆ ಒಂದು" ಎಂದು ಪಾಪಣ್ಣ ಹೊರಗಿಂದಲೇ ಗೊಣಗಿದರು. ಆದರೆ ಒಳಗೆ ಬಂದರು.

ಆ ದಿನ ಸರೋಜಮ್ಮನ ಮನೆಯಲ್ಲಿ ಉಳಿದೆ. ಮುದ್ದೆ, ಹುರುಳಿಕಾಳು ಸಾರು. ಉಪ್ಪು ಕಮ್ಮಿ, ಹಾಕಿಸಿಕೊಂಡೆ.

ಭಾನುವಾರ ಬೆಳಿಗ್ಗೆ ಮಳೆ ನಿಂತಿತ್ತು. ಅಲ್ಲಿನ ಶಾಲೆಯಲ್ಲೇ ಓದುವ ಸರದಿ. ಮೂವತ್ತು ಮಕ್ಕಳು ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತಾ ಕೂತಿದ್ದರು. ಪಾಪಣ್ಣ ಒಂದು ಕತೆ ಓದಿದರು, ಸರೋಜಮ್ಮ ಒಂದು. ಆಮೇಲೆ ಸರೋಜಮ್ಮ ನನ್ನ ಹತ್ತಿರ ಬಗ್ಗಿ, "ಸುಟ್ಟಿದ್ದು ಹಾಳೆ. ಕತೆ ನೆನಪಿದ್ರೆ ಹೇಳಮ್ಮ. ನಾನು ಬರ್ಕೋತೀನಿ" ಅಂದರು.

ನೆನಪಿಲ್ಲದೆ ಏನು. ಅಂಗಳದಲ್ಲಿ ಮೇಷ್ಟ್ರ ಬಾಯಲ್ಲಿ ಕೇಳಿದ್ದು, ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಅಟ್ಟದ ಮೇಲಿನ ಕಾಯಿಗಳೆಲ್ಲ ಒಣಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತವೆ. ಒಂದು ಕಾಯಿ ಮಾತ್ರ ಸುಮ್ಮನಿರುತ್ತದೆ. ಉಳಿದವು ಅದನ್ನು ಮೂಗ ಎಂದು ಆಡಿಕೊಳ್ಳುತ್ತವೆ. ಕೊಬ್ಬರಿ ಆರಿಸಲು ಬಂದ ಮನೆಯೊಡತಿ ಅದನ್ನು ಮೂಲೆಗೆ ಎಸೆಯುತ್ತಾಳೆ. ನೋಡಿದರೆ ಅದಕ್ಕೆ ಮೊಳಕೆ ಬಂದಿರುತ್ತದೆ. ಅದನ್ನು ಹಿತ್ತಲಲ್ಲಿ ನೆಡುತ್ತಾರೆ. ಮರವಾಗಿ ಬೆಳೆದು, ಯಾವ ಅಟ್ಟದಲ್ಲಿ ಮೂಗ ಅನ್ನಿಸಿಕೊಂಡಿತ್ತೋ ಆ ಅಟ್ಟಕ್ಕೇ ಮೇಲಿನಿಂದ ಗರಿ ಆಡಿಸುತ್ತದೆ.

ಮಕ್ಕಳು ಕಾಲು ಅಲ್ಲಾಡಿಸುವುದು ನಿಲ್ಲಿಸಿದ್ದರು. ನಾನು ಅಲ್ಲಿಗೇ ಬಿಡಬಹುದಿತ್ತು. "ಇನ್ನೊಂದು ಥರಾನೂ ಐತೆ. ಮೊಳಕೆ ಬಂದ ಕಾಯಿನ ಮಕ್ಕಳು ಒಡ್ದು, ಒಳಗಿನ ಸಿಹಿ ಗಡ್ಡೆ ತಿಂದ್ಬುಡ್ತಾರೆ" ಎಂದೆ. "ತಿನ್ನೋದೇ ಚೆನ್ನಾಗೈತೆ ಅಜ್ಜಿ" ಎಂದು ಬೆಂಚುಗಳು ಕೂಗಿಕೊಂಡವು.

ಕೋಣೆಗೆ ಬಂದ ಮೇಲೆ ಪಾಪಣ್ಣನ ಮುಖ ಬೇರೆಯಾಗಿತ್ತು. "ಸಿಕ್ತು ಬುಡಿ, ಏಳನೇ ಪುಸ್ತಕ ಸಿಕ್ತು. ನೆಡೋದೇ ಮೇಷ್ಟ್ರದು. ಅದನ್ನೇ ಅಚ್ಚಿಗೆ ಕೊಡೋಣ" ಅಂದರು.

"ನೆಡೋದು ನನ್ನ ಮಕ್ಕಳಿಗೆ ಹೇಳ್ತಿದ್ದದ್ದು. ತಿನ್ನೋದು ಮೊಮ್ಮಕ್ಕಳಿಗೆ. ಮೇಷ್ಟ್ರದು ಯಾವ್ದು ಅಂತ ನಂಗೇ ಗೊತ್ತಿಲ್ಲ" ಅಂದೆ.

"ಅವ್ರ ಕೈ ನಂಗೆ ಗೊತ್ತಿಲ್ವಾ ಕಣಮ್ಮ? ಅವ್ರು ಇಂಗೇ ಮುಗ್ಸೋರು."

"ನೀವು ಆ ಪುಸ್ತಕ ಕಂಡಿದ್ದೀರಾ?"

"ಇಲ್ಲ."

"ಕಂಡೋಳು ನಾನೊಬ್ಳೇ. ಓದಿಲ್ಲ."

"ಇದ್ರಿಂದ ಯಾರಿಗೆ ನಷ್ಟ ಹೇಳಿ. ಊರೂರಲ್ಲೂ ಮಕ್ಕಳು ಕೇಳ್ತಾವೆ, ಏಳನೇದು ಎಲ್ಲಿ ಅಂತ. ಏನು ಹೇಳ್ಲಿ ನಾನು?" ಪಾಪಣ್ಣನ ದನಿ ಇಳಿದಿತ್ತು. ಅವರು ಕೇಳಿದ್ದು ತಮಗಾಗಿ ಅಲ್ಲ ಎಂದು ನನಗೂ ಗೊತ್ತು.

"ಒಂದು ಸಲ ಅವ್ರ ಪುಸ್ತಕ ಸುಟ್ಟಿದ್ದೀನಿ. ಈಗ ನನ್ನ ಮಾತು ತಗೊಂಡು ಅವ್ರ ಬಾಯಿಗೆ ತುರುಕಲ್ಲ. ಹಾಕೋದಾದ್ರೆ ಕೆಂಪಮ್ಮ ಹೇಳಿದ್ದು ಅಂತ ಹಾಕಿ, ಎರಡೂ ಹಾಕಿ. ಇಲ್ದಿದ್ರೆ ಬೇಡ."

ಪಾಪಣ್ಣ ಸರೋಜಮ್ಮನ ಮುಖ ನೋಡಿದರು. ಸರೋಜಮ್ಮ ತಾವು ಬರೆದುಕೊಂಡಿದ್ದ ಹಾಳೆಯ ತಲೆಗೆ ನನ್ನ ಹೆಸರು ಬರೆದರು. "ಮೇಷ್ಟ್ರಿದ್ದಿದ್ರೆ ಎರಡನ್ನೂ ಮಕ್ಕಳ ಮುಂದೆ ಓದಿ ನೋಡೋರು" ಅಂದರು. ಪಾಪಣ್ಣ ಮಂಡಿ ಉಜ್ಜಿಕೊಂಡು, "ಆಯ್ತು ಬುಡಿ. ಹಠಮಾರಿ ಹೆಂಗ್ಸು" ಅಂದರು.

ಖಾದರ್ ಸಾಬರು ಒಂದೇ ಹಾಳೆಯನ್ನು ನೀಲಿ ಚೀಲದಲ್ಲಿಟ್ಟರು. ಚೀಲ ದೊಡ್ಡದಾಯಿತು. ಬಿಚ್ಚಿ ಚಿಕ್ಕದು ಮಾಡುತ್ತಾರೆ ಎಂದುಕೊಂಡೆ, ಮಾಡಲಿಲ್ಲ. ಟ್ರಂಕಿನಲ್ಲಿ ಏನೇನಿದೆ ಎಂದು ಬರೆಯುವ ಒಂದು ಪಟ್ಟಿ ಪುಸ್ತಕ ಅವರಲ್ಲಿದೆ. ಸರೋಜಮ್ಮ ಏಳನೇ ನಂಬರಿನ ಎದುರಿಗೆ "ಒಂದು ಹಾಳೆ ಮಾತ್ರ ಇದೆ, ಉಳಿದದ್ದು ಕಳೆದುಹೋಗಿದೆ" ಎಂದು ಬರೆಯುತ್ತಿದ್ದರು. ಕಳೆದುಹೋಗಿಲ್ಲ ಎಂದೆ. ಪೆನ್ನು ಇಸಿದುಕೊಂಡು ಅವರ ಸಾಲಿನ ಕೆಳಗೆ ನಾನೇ ಬರೆದೆ: "ಓದಲು ಬಾರದೆ ಬೆಂಕಿಗೆ ಹಾಕಿದೆ. ಕೆಂಪಮ್ಮ." ಬರೆಯಲು ಹೊತ್ತು ಹಿಡಿಯಿತು. ಮೂವರೂ ಕಾದರು.

ಒಂದು ಗಂಟೆಯ ಬಸ್ಸಿಗೆ ಹತ್ತಿಸಿದರು. ಪಾಪಣ್ಣ ಟಿಕೆಟ್ಟಿನ ದುಡ್ಡು ಕೊಡಲು ಬಂದರು, ಬೇಡವೆಂದೆ. "ಮುಂದಿನ ತಿಂಗ್ಳು ಮಾಯಸಂದ್ರದ ಶಾಲೆಗೆ ಬತ್ತೀವಿ. ನೀವೂ ನೆಲದ ಮೇಲೆ ಕೂರ್ಬೇಕು" ಅಂದರು. ಕಾಲು ಹಿಡಿಯದಿದ್ದರೆ ಕೂರುತ್ತೇನೆ ಎಂದೆ. ಬಸ್ಸು ತಿರುಗುವಾಗ ಹಿಂದೆ ನೋಡಿದೆ. ಪಾಪಣ್ಣ, ಖಾದರ್ ಸಾಬರು ಏನೋ ವಾದ ಮಾಡುತ್ತಾ ನಿಂತಿದ್ದರು. ಚೀಲದ ವಿಷಯವೇ ಇರಬೇಕು.

ಮನೆ ಸೇರುವಷ್ಟರಲ್ಲಿ ಮತ್ತೆ ಮಳೆ ಹಿಡಿಯಿತು. ಸೀರೆ ಬದಲಾಯಿಸಿ ಅಟ್ಟದ ಕೆಳಗೆ ಹೊಗೆ ಹಾಕಲು ಕೂತೆ. ಎರಡು ದಿನದಿಂದ ಯಾರೂ ಹಾಕಿರಲಿಲ್ಲ. ಸಿಪ್ಪೆ ನೆಂದಿತ್ತು, ಹತ್ತಲಿಲ್ಲ. ಸೊಸೆ ಮೊಮ್ಮಗಳ ಹೋದ ವರ್ಷದ ನೋಟ್ ಪುಸ್ತಕ ತಂದುಕೊಟ್ಟಳು. ದೀಪದ ಹತ್ತಿರ ಹಿಡಿದು ಮೊದಲಿಂದ ಕೊನೆವರೆಗೂ ಓದಿದೆ. "ಏನತ್ತೆ, ಬೆಂಕಿ ಹಚ್ಚಕ್ಕೆ ಕೊಟ್ರೆ ಓದ್ತಾ ಕೂತಿದ್ದೀರಿ" ಅಂದಳು. ಬರೀ ಮಗ್ಗಿ, ಕೂಡೋ ಲೆಕ್ಕ. ಹರಿದು ಹಾಕಿದೆ. ಹತ್ತಿತು.