ಸ್ಟ್ರೆಚರ್ ಮೇಲೆ ತಾನೇ ಮಲಗಿ ನೋಡುವ ಗಾಲಿಯಣ್ಣ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಗಟ್ಟಿಮುಟ್ಟಾದ ಒಬ್ಬ ಗಂಡಸು ಸ್ಟ್ರೆಚರ್ ಮೇಲೆ ಅಂಗಾತ ಮಲಗಿದ್ದಾನೆ. ಅಲ್ಲೇ ಕಸ ಗುಡಿಸುವ ಅವನ ಅತ್ತಿಗೆ ಪೊರಕೆಯನ್ನು ಗೋಡೆಗೊರಗಿಸಿ ಅವನನ್ನು ತಳ್ಳಿಕೊಂಡು ಹೊರಟಿದ್ದಾಳೆ. ಲಿಫ್ಟಿನ ಹೊಸ್ತಿಲು ದಾಟುವಾಗ ಅವನ ಹುಬ್ಬು ಗಂಟಿಕ್ಕುತ್ತದೆ.

"ಇನ್ನೊಂದ್ಸಲ ಅತ್ತಿಗೆ. ಬಲಗಡೆ ಮುಂದಿನ ಗಾಲಿ ಅದುರ್ತಿದೆ."

"ಹೆಣಾನೂ ನಿನ್ನಷ್ಟು ತಕರಾರು ತೆಗೆಯಲ್ಲ ಕಣೋ," ಎನ್ನುತ್ತ ಅವಳು ಸ್ಟ್ರೆಚರ್ ತಿರುಗಿಸುತ್ತಾಳೆ.

ಅವನಿಗೆ ಕಾಯಿಲೆಯೇನೂ ಇಲ್ಲ. ಸ್ಟ್ರೆಚರು, ಗಾಲಿಕುರ್ಚಿ, ಔಷಧದ ತಳ್ಳುಗಾಡಿ, ಈ ಆಸ್ಪತ್ರೆಯಲ್ಲಿ ಉರುಳುವುದೆಲ್ಲ ಅವನ ಪಾಲಿನ ಕೆಲಸ. ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರ ಬಾಯಲ್ಲೂ ಅವನು ಗಾಲಿಯಣ್ಣ. ದಿನಕ್ಕೆ ನಾಲ್ಕೈದು ಗಾಡಿಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಜೋಡಿಸುತ್ತಾನೆ. ತಾನೇ ಮಲಗಿ ನೋಡದೆ ಒಂದು ಸ್ಟ್ರೆಚರನ್ನೂ ವಾರ್ಡಿಗೆ ಬಿಡುವುದಿಲ್ಲ. ನಿಂತು ತಳ್ಳುವವನಿಗೆ ತಿಳಿಯದ ಕುಲುಕು ಮಲಗಿದವನ ಬೆನ್ನಿಗೆ ತಿಳಿಯುತ್ತದಂತೆ.

ಮೊದಲು ಹೀಗಿರಲಿಲ್ಲ. ಎಷ್ಟೋ ವರ್ಷ ಒಂದು ತೊಟ್ಟು ಎಣ್ಣೆ ಬಿಟ್ಟು ಕೈ ತೊಳೆದುಕೊಳ್ಳುತ್ತಿದ್ದ. ಒಂದು ದಿನ ಹೊಸದಾಗಿ ಸೇರಿದ ನರ್ಸು ಕಿರುಗುಟ್ಟುವ ಸ್ಟ್ರೆಚರಿನ ಬಗ್ಗೆ ದೂರಿದಳು. ದೊಡ್ಡ ಸಿಸ್ಟರು ಅವನ ಎದುರಿಗೇ, ಚೂರೂ ಸಿಟ್ಟಿಲ್ಲದೆ, ಅವನ ಕೆಲಸ ಅಷ್ಟೇ, ಅಭ್ಯಾಸ ಮಾಡಿಕೋ ಎಂದುಬಿಟ್ಟರು.

"ಬೈದಿದ್ರೆ ಎರಡು ದಿನಕ್ಕೆ ಮರೀತಿದ್ದೆ. ಅವರು ಬೈಯೋದನ್ನೇ ಬಿಟ್ಬಿಟ್ಟಿದ್ರು. ನನ್ನಿಂದ ಇಷ್ಟೇ ಆಗೋದು ಅಂತ ಅವರೂ ಒಪ್ಕೊಂಡಿದ್ರು, ನಾನೂ ಒಪ್ಕೊಂಡಿದ್ದೆ. ಅದು ಚುಚ್ತು ನೋಡಿ," ಎಂದು ಗಾಲಿಯಣ್ಣ ನನ್ನೊಡನೆ ಹೇಳಿಕೊಳ್ಳುತ್ತಾನೆ.

ಮಲಗಿ ನೋಡುವುದು ಅಂದಿನಿಂದ ಶುರುವಾಯಿತು. ಮಾಡು ಎಂದು ಹೇಳಿದವರಿಲ್ಲ, ಮಾಡಿದೆಯಾ ಎಂದು ಕೇಳುವವರೂ ಇಲ್ಲ. ಚಳಿಯ ಬೆಳಗುಗಳಲ್ಲಿ ಮೈಗಳ್ಳತನ ಈಗಲೂ ಬಂದು ಪಕ್ಕದಲ್ಲಿ ಕೂರುತ್ತದೆ ಎಂದು ನಗುತ್ತಾನೆ. ಕೂತಿರಲಿ ಅಂತ ಬಿಟ್ಟು ಇವನು ಎದ್ದು ಬರುತ್ತಾನೆ.

ಇಂದು ಈ ಸ್ಟ್ರೆಚರಿಗಾಗಿ ಬೆನ್ನುಮೂಳೆ ಮುರಿದ ಹೆಂಗಸೊಬ್ಬಳು ಕಾದಿದ್ದಾಳೆ, ಆಪರೇಷನ್ನಿಗೆ ಹೋಗಬೇಕು. ಉಳಿದವೆಲ್ಲ ಬೇರೆ ವಾರ್ಡುಗಳಲ್ಲಿವೆ. ಅದೇ ದೊಡ್ಡ ಸಿಸ್ಟರು ದಡದಡನೆ ಬಂದು, ಡಾಕ್ಟರು ಕಾಯುತ್ತಿದ್ದಾರೆ, ಆದಷ್ಟು ಸಾಕು, ಕೊಡು ಎನ್ನುತ್ತಾರೆ. ಅವನು ಕೊಡುವುದಿಲ್ಲ. ಈ ಗಾಲಿಯಲ್ಲಿ ಹೊಸ್ತಿಲು ದಾಟಿದರೆ ಆ ತಾಯಿಯ ಜೀವ ಬಾಯಿಗೆ ಬರುತ್ತದೆ, ಸ್ವಲ್ಪ ತಾಳಿ ಎಂದು ಕೂತು ಗಾಲಿ ಬಿಚ್ಚುತ್ತಾನೆ. ಅಚ್ಚಿನ ಸುತ್ತ ಉದ್ದ ಕೂದಲು, ಬ್ಯಾಂಡೇಜಿನ ದಾರ ಸೇರಿ ಗಂಟಾಗಿದೆ. ಚಿಮಟದಿಂದ ಎಳೆ ಎಳೆಯಾಗಿ ಬಿಡಿಸುತ್ತಾನೆ. ಆ ಗಂಟು ಕಂಡ ಸಿಸ್ಟರ ಬಾಯಿ ನಿಂತಿಲ್ಲ.

"ಬೇರೆಯವರಾಗಿದ್ರೆ ಹೋಗ್ಲಿ ಅಂತಿದ್ದೆ. ನಿನ್ನ ಕೈಲಿರೋ ಗಾಡಿಗೆ ಈ ಗತೀನಾ?"

ಅವನು ಗಾಲಿ ಜೋಡಿಸಿ ಮತ್ತೆ ಮಲಗುತ್ತಾನೆ. ಅತ್ತಿಗೆ ತಳ್ಳುತ್ತಾಳೆ. ನೆತ್ತಿಯ ಮೇಲಿನ ದೀಪ ಬದಲಾದಾಗಲೇ ಹೊಸ್ತಿಲು ದಾಟಿದ್ದು ಅವನಿಗೆ ಗೊತ್ತಾಗುತ್ತದೆ.

ಸ್ವಲ್ಪ ಹೊತ್ತಿಗೆ ಆ ಹೆಂಗಸು ಅದೇ ದಾರಿಯಲ್ಲಿ ಬರುತ್ತಾಳೆ. ಗಾಲಿಯಣ್ಣನ ಕಣ್ಣು ಸ್ಟ್ರೆಚರಿನ ಕಂಬಿ ಹಿಡಿದ ಅವಳ ಬೆರಳುಗಳ ಮೇಲೆ. ಹೊಸ್ತಿಲು ದಾಟುತ್ತದೆ, ಬೆರಳುಗಳು ಬಿಗಿಯುವುದಿಲ್ಲ. ಲಿಫ್ಟಿನ ಬಾಗಿಲು ಮುಚ್ಚುತ್ತದೆ.

ಅವನು ಚಿಮಟ ಒರೆಸಿ ಜೇಬಿಗಿಳಿಸಿ ನನ್ನತ್ತ ತಿರುಗುತ್ತಾನೆ.

"ಸಿಸ್ಟರ್ ಬೈದಿದ್ದು ಕೇಳಿಸ್ಕೊಂಡ್ರಾ? ರಿಟೈರ್ ಆಗೋ ದಿನದವರೆಗೂ ಹೀಗೇ ಬೈಸ್ಕೊಳ್ಳೋ ಹಾಗಿರಬೇಕು ನಾನು."