ಸುಮ್ಮನಿದ್ದ ತೋಳಿನ ಸದ್ದು

ಸೂಳಗಿರಿಯ ತಿಮ್ಮರಾಜು ಹೊಸೂರಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಫಿಟ್ಟರ್. ಬೇರಿಂಗ್ ಕೆಟ್ಟಿದೆಯೇ ಎಂದು ತಿಳಿಯಲು ಅವನಿಗೆ ಮೀಟರು ಬೇಡ; ಸ್ಕ್ರೂಡ್ರೈವರಿನ ಮೊನೆ ಮಷೀನಿಗೆ, ಹಿಡಿ ಕಿವಿಗೆ, ಅಷ್ಟೇ. ಈಗ ಮ್ಯಾನೇಜರಾಗಿರುವ ಯತಿರಾಜನಿಗೂ ಹಾಗೆ ಕೇಳುವುದನ್ನು ಕಲಿಸಿದವನು ಅವನೇ. ಅಂಥವನನ್ನು ಕೆಲಸಗಳ್ಳ ಅಂದುಬಿಟ್ಟರು ಕಣ್ರೀ!

ಆದದ್ದಿಷ್ಟು. ಚೈನಿಗೆ ತೂಗುಹಾಕಿದ್ದ ಗೇರ್‌ಬಾಕ್ಸ್ ಜಾರಿತು, ಹಿಡಿಯಲು ಹೋದವನ ಬಲಗೈಯನ್ನು ಜಗ್ಗಿಬಿಟ್ಟಿತು. ಮೂಳೆ ಮುರಿಯಲಿಲ್ಲ, ಆದರೆ ತೋಳು ಮೇಲೇಳಲಿಲ್ಲ. ನಾಲ್ಕನೇ ದಿನಕ್ಕೇ ಕಂಪನಿಯವರು ಸೂಜಿ ಪರೀಕ್ಷೆ ಮಾಡಿಸಿದರು. ಸ್ನಾಯುವಿಗೆ ಸೂಜಿ ಚುಚ್ಚಿ, ಅದರೊಳಗಿನ ವಿದ್ಯುತ್ತನ್ನು ಪರದೆಯಲ್ಲಿ ನೋಡಿ ಸ್ಪೀಕರಿನಲ್ಲಿ ಕೇಳುವ ಪರೀಕ್ಷೆ ಅದು. ಸುಮ್ಮನಿದ್ದಾಗ ಸ್ನಾಯುವಿನಲ್ಲಿ ಸದ್ದಿಲ್ಲ, ಆದ್ದರಿಂದ ನರಕ್ಕೆ ದೋಷವಿಲ್ಲ; ಕೈ ಎತ್ತಲು ರೋಗಿ ಪ್ರಯತ್ನಿಸುತ್ತಿಲ್ಲ ಎಂದು ವರದಿ ಬಂತು. ಪ್ರಯತ್ನಿಸುತ್ತಿಲ್ಲವಂತೆ! ಹಲ್ಲು ಕಚ್ಚಿ ಬೆವರಿಳಿಸಿದ್ದು ಅವರ ಕಣ್ಣಿಗೆ ಬೀಳಲೇ ಇಲ್ಲ.

ಯತಿರಾಜ್ ಕ್ಯಾಂಟೀನಿನಲ್ಲಿ ಎಲ್ಲರೆದುರು, ನಾಟಕ ಸಾಕು, ತಿಂಗಳೊಳಗೆ ಡ್ಯೂಟಿಗೆ ಬರದಿದ್ದರೆ ಕೆಲಸ ಹೋಯಿತು ಎಂದ. ಎಡಗೈಯಲ್ಲಿ ಮುದ್ದೆ ಮುರಿಯುತ್ತಿದ್ದ ತಿಮ್ಮರಾಜು ತಟ್ಟೆ ಬಿಟ್ಟು ಎದ್ದ. ಕೆಲಸ ಹೋಗುವುದಕ್ಕಿಂತ ನಾಟಕ ಎಂಬ ಮಾತು ಅವನನ್ನು ಹೆಚ್ಚು ಸುಟ್ಟಿತು.

ಇಪ್ಪತ್ತೈದನೇ ದಿನ ಹೆಂಡತಿ ಪಾರ್ವತಮ್ಮ ಹಟ ಹಿಡಿದು ಕೃಷ್ಣಗಿರಿಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ನಂದಿತಾ ಕೈ ಸಡಿಲ ಬಿಡಲು ಹೇಳಿ ಸೂಜಿ ಚುಚ್ಚಿದರು. ತೋಳು ಅಲ್ಲಾಡಲಿಲ್ಲ. ಸ್ಪೀಕರಿನಲ್ಲಿ ಮಾತ್ರ ತಗಡಿನ ಮೇಲೆ ಹನಿ ಬಿದ್ದಂತೆ ಟಪಟಪ, ಟಪಟಪ. ತಿಮ್ಮರಾಜು ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕಿವಿಗೊಟ್ಟ.

"ನರದ ಹಿಡಿತ ತಪ್ಪಿದ ಸ್ನಾಯು ಇದು, ತನ್ನಷ್ಟಕ್ಕೆ ತಾನೇ ಮಿಡೀತಿದೆ," ಎಂದರು ಡಾಕ್ಟರು. "ಈ ಸದ್ದು ಹುಟ್ಟೋಕೇ ಎರಡು ಮೂರು ವಾರ ಬೇಕು. ನಾಲ್ಕನೇ ದಿನ ಕೇಳಿ ಏನೂ ಇಲ್ಲ ಅಂದೋರು ಯಾರು?"

ತಿಮ್ಮರಾಜು ಅವರನ್ನು ಕೇಳಿಯೇ ಆ ಸದ್ದನ್ನು ಫೋನಿನಲ್ಲಿ ಹಿಡಿದುಕೊಂಡ. ಮರುದಿನ ವರದಿಯನ್ನೂ ಫೋನನ್ನೂ ಯತಿರಾಜನ ಮೇಜಿನ ಮೇಲಿಟ್ಟ. ಇಷ್ಟು ವರ್ಷ ಸಾರ್ ಎನ್ನುತ್ತಿದ್ದವನ ಬಾಯಲ್ಲಿ ಅವತ್ತು ಹಳೆಯ ಮಾತು ಬಂತು.

"ಕೇಳ್ಲಾ ಯತಿರಾಜ. ನಿಂತಿರೋ ಮಿಷನ್ ಒಳಗಿಂದ ಹಿಂಗೆ ಸದ್ದು ಬಂದ್ರೆ ಏನ್ ಮಾಡು ಅಂತ ಹೇಳ್ಕೊಟ್ಟಿದ್ದೆ?"

ಯತಿರಾಜ್ ತಲೆ ತಗ್ಗಿಸಿ, ಬಿಚ್ಚಿ ನೋಡು ಅಂದಿದ್ರಿ ಎಂದ.

"ನನ್ನ ಮಾತ್ರ ಬಿಚ್ಚಿ ನೋಡ್ದೆನೇ ಗುಜರಿಗೆ ಹಾಕ್ಬುಟ್ಟೆಯಲ್ಲಾ."

ಯತಿರಾಜ್ ಅವಸರವಾಗಿ ರಜೆಯ ಫಾರಂ ತೆಗೆದು ಸಹಿ ಹಾಕಿ ಮುಂದಿಟ್ಟ. ತಿಮ್ಮರಾಜು ಅದನ್ನು ಎಡಗೈಯಿಂದ ಹಿಂದಕ್ಕೆ ತಳ್ಳಿದ. ಮೊದಲು ಕ್ಯಾಂಟೀನಿಗೆ ನಡಿ ಎಂದ.