ಸೊಪ್ಪಿನ ಹದದಲ್ಲಿ ಓದಿದ ಕಾದಂಬರಿ

ಕಳೆದ ವಾರ ನಾನೊಂದು ಕೆಲಸ ಮಾಡಿದೆ. ಒಂದು ಕಾದಂಬರಿಯ ಕೊನೆಯ ಪುಟದಲ್ಲಿ ಇಲ್ಲದ್ದನ್ನು, ಇದೆ ಎಂಬಂತೆ, ಮೂವರು ಹೆಂಗಸರ ಮುಂದೆ ಗಟ್ಟಿಯಾಗಿ ಓದಿಬಿಟ್ಟೆ. ಕಣ್ಣು ಪುಟದ ಮೇಲೇ ಇತ್ತು. ದನಿ ನಡುಗಲಿಲ್ಲ.

ಸರಿಯೋ ತಪ್ಪೋ ಆಮೇಲೆ ಹೇಳುವಿರಂತೆ. ಮೊದಲು ನಡೆದದ್ದು ಕೇಳಿ.

ಹೊಸ ವರ್ಷಕ್ಕೆ ನನ್ನದೂ ಒಂದು ಸಂಕಲ್ಪವಿತ್ತು. ವಾರಕ್ಕೊಂದು ಪುಸ್ತಕ ಓದುವುದು, ದಿನಕ್ಕೊಂದು ಪುಟ ಬರೆಯುವುದು. ಅಂಕಣವಲ್ಲ, ಕತೆ. ನನ್ನೊಳಗೊಂದು ಕತೆ ಎಷ್ಟೋ ವರ್ಷದಿಂದ ಅರ್ಧಕ್ಕೇ ನಿಂತಿದೆ. ಅದನ್ನು ಮುಗಿಸದೆ ಸತ್ತರೆ ಗತಿಯೇನು ಎಂದು ಆಗಾಗ ದಿಗಿಲಾಗುತ್ತದೆ. ಗೆಳತಿಯರ ವಾಟ್ಸಾಪ್ ಗ್ರೂಪಿನಲ್ಲಿ ಸಂಕಲ್ಪವನ್ನು ಘೋಷಿಸಿ ಚಪ್ಪಾಳೆ ಗಿಟ್ಟಿಸಿಕೊಂಡಿದ್ದೂ ಆಯಿತು. ಲೆಕ್ಕ ತಪ್ಪಬಾರದಲ್ಲ, ಅದಕ್ಕೇ ಕಪಾಟಿನಲ್ಲಿದ್ದ ಅತಿ ತೆಳ್ಳಗಿನ ಕಾದಂಬರಿಯನ್ನೇ ಮೊದಲು ಆರಿಸಿಕೊಂಡೆ. ಅಷ್ಟೂ ಜಾಣತನ ಬೇಡವೇ?

ಅಷ್ಟರಲ್ಲಿ ನಮ್ಮ ಜಯಕ್ಕನ ಫೋನು ಬಂತು. ಜಯಕ್ಕ ನನ್ನ ಒಡಹುಟ್ಟಿದ ಅಕ್ಕ. ಅವಳನ್ನು ಕೊಟ್ಟಿರುವುದು ಹನಗೋಡಿನಿಂದ ಆಚೆಗಿರುವ ಸಣ್ಣ ಊರಿಗೆ.

'ಆಳು ಸಿಕ್ತಾ ಇಲ್ಲ ಕಣೆ. ಸೊಪ್ಪು ಗ್ರೇಡ್ ಮಾಡಕ್ಕೆ ಬಂದ್ಬುಡು. ಸಂಕ್ರಾಂತಿ ಒಳ್ಗೆ ಬೇಲ್ ಕಟ್ಬೇಕು.'

ಕಾದಂಬರಿಯನ್ನು ಬ್ಯಾಗಿಗೆ ಹಾಕಿಕೊಂಡು ಹುಣಸೂರಿನಲ್ಲಿ ಬಸ್ಸು ಹತ್ತಿದೆ.

ಆ ಕಡೆಯ ಜನವರಿಯ ಬೆಳಗನ್ನು ನೀವು ನೋಡಬೇಕು. ಎಲ್ಲೆಲ್ಲೂ ಮಂಜು. ಹೊಳೆ ಕಾಣುವುದಿಲ್ಲ, ಸದ್ದಷ್ಟೇ ಕೇಳುತ್ತದೆ. ತೆಂಗಿನ ಮರಗಳ ತಲೆಗಳು ಬುಡವಿಲ್ಲದೆ ತೇಲುತ್ತಿರುತ್ತವೆ. ಎಚ್ಚರವೋ ಕನಸೋ ತಿಳಿಯದ ಆ ಹೊತ್ತಿನಲ್ಲೇ ಹೊಗೆಸೊಪ್ಪಿನ ಕೆಲಸ ಶುರುವಾಗುವುದು. ಬ್ಯಾರನ್ನಿನಲ್ಲಿ, ಎಂದರೆ ಸೊಪ್ಪು ಒಣಗಿಸುವ ಬಿಸಿಗೂಡಿನಲ್ಲಿ, ಬೇಯಿಸಿದ ಎಲೆ ಇಬ್ಬನಿಯ ತೇವ ಕುಡಿದು ಮೆತ್ತಗಾಗಿರುವಾಗಲೇ ಬಣ್ಣ ನೋಡಿ, ಬೇಲ್ ಎಂಬ ಮೂಟೆ ಕಟ್ಟಲು ಬೇರೆ ಬೇರೆ ಗುಡ್ಡೆ ಮಾಡಬೇಕು. ಆ ಮೆದುವನ್ನೇ ಹದ ಎನ್ನುತ್ತಾರೆ. ಬಿಸಿಲೇರಿತೋ, ಎಲೆ ಗರಿಗರಿಯಾಗಿ ಕೈಯಲ್ಲೇ ಪುಡಿಯಾಗುತ್ತದೆ. ಆಗ ಎಲ್ಲರೂ ಸೆರಗು ಕೊಡವಿಕೊಂಡು ಏಳುತ್ತಾರೆ.

ನಾನು ನಿಂಬೆ ಬಣ್ಣದ ಎಲೆಯನ್ನು ಕಿತ್ತಳೆ ಬಣ್ಣದ ಗುಡ್ಡೆಗೆ ಹಾಕುವುದನ್ನು ಜಯಕ್ಕ ಸ್ವಲ್ಪ ಹೊತ್ತು ನೋಡಿದಳು.

'ನೀನ್ ಮುಟ್ಬ್ಯಾಡ ತಾಯಿ. ಅದೇನೋ ಬುಕ್ಕು ತಂದಿದ್ದೀಯಲ್ಲ, ಅದ್ನೇ ಓದು. ನಮ್ಗೂ ಒತ್ತೋಯ್ತದೆ.'

ಹೀಗೆ ನನಗೆ ಓದುವ ಕೆಲಸ ಸಿಕ್ಕಿತು. ಕೇಳುವವರು ಜಯಕ್ಕ, ಪಕ್ಕದ ಮನೆಯ ಸಣ್ಣತಾಯಮ್ಮ ಮತ್ತು ಅವರ ಮಗಳು ಭಾಗ್ಯ.

ಕಾದಂಬರಿಯಲ್ಲಿ ಸುಮಿತ್ರೆ ಎಂಬ ಹೆಣ್ಣು ಒಂದು ಸಂಜೆ ಬ್ಯಾಗು ಹಿಡಿದು ಗಂಡನ ಮನೆಯಿಂದ ಹೊರಟುಬರುತ್ತಾಳೆ. ವಾಪಸ್ಸು ಹೋಗುತ್ತಾಳೋ ಇಲ್ಲವೋ ಎನ್ನುವುದೇ ಕತೆ. ಎರಡು ಬೆಳಗಿನಲ್ಲಿ ಮುಗಿಸಿ, ಗ್ರೂಪಿಗೆ ಒಂದು ಫೋಟೋ ಹಾಕಿ, ಮುಂದಿನ ಪುಸ್ತಕಕ್ಕೆ ಹೋಗುವುದು ನನ್ನ ಪ್ಲಾನು. ಅವರು ಬಿಡಬೇಕಲ್ಲ!

'ಇರು ಇರು,' ಎಂದರು ಸಣ್ಣತಾಯಮ್ಮ. 'ಬ್ಯಾಗಲ್ಲಿ ಏನೇನ್ ತುಂಬ್ಕೊಂಡ್ಲು?'

'ಅದನ್ನು ಬರೆದಿಲ್ಲ ಸಣ್ಣತಾಯಮ್ಮ.'

'ಅದೆಂಗೆ ಬರ್ದಿಲ್ಲ? ಒಂದ್ ಸೀರೇಲಿ ಬಂದ್ಲೋ, ಇರಕ್ಕೇ ಅಂತ ಬಂದ್ಲೋ, ಗೊತ್ತಾಗದ್ ಬ್ಯಾಡ್ವಾ?'

ಈ ಪ್ರಶ್ನೆಗೆ ಯಾವ ವಿಮರ್ಶಕ ಉತ್ತರ ಕೊಡುತ್ತಾನೆ? ಅರ್ಧ ಪುಟ ಓದಿದರೆ ಅರ್ಧ ಗಂಟೆ ಚರ್ಚೆ. ಸುಮಿತ್ರೆಯ ಗಂಡ ಕಾಣಿಸಿಕೊಂಡಾಗ ಜಯಕ್ಕ ಕೈಯಲ್ಲಿದ್ದ ಕಪ್ಪು ಎಲೆಯನ್ನು ಎತ್ತಿ ತೋರಿಸಿದಳು. 'ಇವ್ನು ಇದೇ ಗ್ರೇಡು ಕಣೆ. ಬೇಲ್‌ಗೆ ಆಕುದ್ರೆ ಮಿಕ್ಕಿದ್ದೂ ಕೆಡ್ತದೆ.'

ಸಣ್ಣತಾಯಮ್ಮ ಮಾತ್ರ ಪಟ್ಟು ಬಿಡಲಿಲ್ಲ. 'ಏನೇ ಆಗ್ಲಿ, ವಾಪಸ್ ಓಗ್ಬೇಕು. ಎಷ್ಟ್ ದಿನಾಂತ ಕಂಡೋರ್ ಮನೇಲಿ ಇದ್ದಾಳು?'

ಭಾಗ್ಯ ತಲೆ ಎತ್ತುತ್ತಿರಲಿಲ್ಲ. ಎಲೆ ಬಿಡಿಸುವ ಅವಳ ಕೈ ಮಾತ್ರ ಆಗ ನಿಧಾನವಾಗುತ್ತಿತ್ತು.

ವಿಷಯ ಗೊತ್ತಾದದ್ದು ಅಡುಗೆಮನೆಯಲ್ಲಿ, ಜಯಕ್ಕನ ಬಾಯಿಂದ. ಭಾಗ್ಯನ ಗಂಡನ ಮನೆ ಪಿರಿಯಾಪಟ್ಟಣದ ಕಡೆ. ಗಂಡ ಕೈ ಮಾಡುತ್ತಾನೆ. ದಸರೆಗೆಂದು ಬಂದವಳು ಹಿಂದಿರುಗಿ ಹೋಗಿಲ್ಲ. 'ಅಬ್ಬಕ್ ಬಂದವ್ಳೆ' ಎಂದು ಸಣ್ಣತಾಯಮ್ಮ ಊರಿಗೆಲ್ಲ ಹೇಳಿಕೊಂಡು ಬಂದರು. ದೀಪಾವಳಿಯೂ ಹೋಯಿತು. ಇನ್ನು ಸಂಕ್ರಾಂತಿ ಕಳೆದ ಮೇಲೆ ಗಂಡನ ಕಡೆಯ ಹಿರಿಯರು ಕರೆದೊಯ್ಯಲು ಬರುತ್ತಾರೆ, ಕಳಿಸುತ್ತೇನೆ ಎಂದು ಸಣ್ಣತಾಯಮ್ಮ ಒಪ್ಪಿಯಾಗಿದೆ.

'ಭಾಗ್ಯ ಏನಂತಾಳೆ?' ಎಂದೆ.

'ಅವ್ಳುನ್ನ ಯಾರ್ ಕೇಳವ್ರೆ?' ಎಂದಳು ಜಯಕ್ಕ.

ಮರುದಿನದಿಂದ ನನಗೆ ಆ ಚರ್ಚೆ ಬೇರೆಯಾಗಿ ಕೇಳತೊಡಗಿತು. ಭಾಗ್ಯನ ಹೆಸರನ್ನು ಯಾರೂ ಎತ್ತುವುದಿಲ್ಲ. ಸುಮಿತ್ರೆ ಉಂಡಳಾ, ಸುಮಿತ್ರೆ ಅತ್ತಳಾ, ಸುಮಿತ್ರೆಗೆ ಕೆಲಸ ಸಿಕ್ಕೀತಾ ಎಂದೇ ಎಲ್ಲರೂ ಕೇಳುತ್ತಾರೆ. ನಾನು ಬೇಕೆಂದೇ ನಿಧಾನವಾಗಿ ಓದಿದೆ. ಪುಸ್ತಕ ಮುಗಿಯುವುದೇ ಬೇಡ ಅನ್ನಿಸುತ್ತಿತ್ತು. ಗ್ರೂಪಿನ ಗೆಳತಿಯರು ಎರಡನೇ ಪುಸ್ತಕದ ಫೋಟೋ ಹಾಕಿದರು. ನೋಡಿಯೂ ನೋಡದಂತೆ ಇದ್ದೆ.

ಬರೆಯುವ ಕತೆಯಂತೂ ಕೇಳಬೇಡಿ. ಮಧ್ಯಾಹ್ನ ಜಗಲಿಯ ಮೇಲೆ ಪೆನ್ನು ಹಿಡಿದು ಕೂರುತ್ತಿದ್ದೆ. ಮೈಗೆಲ್ಲ ಹತ್ತಿದ ಸೊಪ್ಪಿನ ಸಿಹಿ ಘಾಟು, ಚಳಿಗಾಲದ ಹಿತವಾದ ಬಿಸಿಲು. ಕಣ್ಣು ತಾನಾಗಿ ಮುಚ್ಚುತ್ತಿತ್ತು. ಮುಚ್ಚಿದ ಕಣ್ಣೊಳಗೆ ನನ್ನ ಅರ್ಧ ಕತೆಯ ಹೆಂಗಸೂ ಸುಮಿತ್ರೆಯೂ ಒಂದೇ ಬಸ್‌ಸ್ಟ್ಯಾಂಡಿನಲ್ಲಿ ಕೂತಿರುತ್ತಿದ್ದರು. ಇಬ್ಬರಿಗೂ ಭಾಗ್ಯನ ಮುಖ. ಹತ್ತಿರ ಹೋಗಿ ಏನೋ ಕೇಳಬೇಕು ಎನ್ನುವಷ್ಟರಲ್ಲಿ ಮಂಜು ಕವಿದುಬಿಡುತ್ತಿತ್ತು. ಒಂದು ಸಾಲೂ ಕಾಗದಕ್ಕೆ ಇಳಿಯಲಿಲ್ಲ. ಆದರೆ ಅಷ್ಟು ಸುಖವಾಗಿ ನಾನು ಬರೆಯದೆ ಕೂತದ್ದು ಯಾವತ್ತೂ ಇಲ್ಲ.

ಕೊನೆಗೆ ಉಳಿದದ್ದು ಒಂದು ಗುಡ್ಡೆ ಸೊಪ್ಪು, ಒಂದು ಅಧ್ಯಾಯ. ಅದನ್ನು ಓದುವ ಹಿಂದಿನ ಸಂಜೆಯೇ ಕೊನೆಯ ಪುಟ ಇಣುಕಿ ನೋಡಿದೆ. ಸುಮಿತ್ರೆ ಬಸ್ಸು ಹತ್ತಿ ಗಂಡನ ಮನೆಗೆ ಹೋಗುತ್ತಾಳೆ, ಬಾಗಿಲಲ್ಲಿ ಅವನು ಕಣ್ಣೀರು ಹಾಕುತ್ತಾನೆ, ಮುಗಿಯಿತು. ಪುಸ್ತಕ ಮುಚ್ಚಿಟ್ಟೆ. ಬರೆದವರಿಗೇನು, ಬರೆದು ಎದ್ದು ಹೋಗಿದ್ದಾರೆ. ನಾಳೆ ಇದನ್ನು ಆ ಹುಡುಗಿಯ ಎದುರು ಓದಬೇಕಾದವಳು ನಾನು ತಾನೇ?

ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಸೊಪ್ಪು ಒಳ್ಳೆಯ ಹದದಲ್ಲಿತ್ತು. ಬಸ್‌ಸ್ಟ್ಯಾಂಡಿನವರೆಗೆ ಪುಸ್ತಕದಲ್ಲಿದ್ದಂತೆಯೇ ಓದಿದೆ. ಆಮೇಲೆ ನನ್ನ ಬಾಯಿ ತಾನೇ ಮುಂದುವರಿಯಿತು. ಗಂಡನ ಊರಿನ ಬಸ್ಸು ಬಂತು. ಕಂಡಕ್ಟರು ಕೂಗಿದ. ಸುಮಿತ್ರೆ ಬ್ಯಾಗಿನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದಳು. ಬಸ್ಸು ಹೊರಟುಹೋಯಿತು. ಧೂಳು ಅಡಗಿತು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಯಿತು.

ನಿಲ್ಲಿಸಿದೆ. ಭಾಗ್ಯ ಮೊದಲ ಸಲ ತಲೆ ಎತ್ತಿ ನೋಡಿದಳು. ನನ್ನನ್ನಲ್ಲ, ತನ್ನ ಅಮ್ಮನನ್ನು.

ಸಣ್ಣತಾಯಮ್ಮ ಕೈಯಲ್ಲಿದ್ದ ಎಲೆಯನ್ನು ತೊಡೆಯ ಮೇಲೆ ಹರಡಿ ಸವರುತ್ತಿದ್ದರು. ಸವರಿದ್ದನ್ನೇ ಸವರಿದರು.

'ಮುಂದ್ಕೆ?' ಎಂದರು.

'ಅಷ್ಟೇ.'

'ಅವ್ರವ್ವನ್ ಸುದ್ದಿ ಏನೂ ಇಲ್ವಾ?'

'ಇಲ್ಲ. ಅಮ್ಮನ ಬಗ್ಗೆ ಏನೂ ಬರೆದಿಲ್ಲ.'

ಸಣ್ಣತಾಯಮ್ಮ ಎಲೆಯನ್ನು ಗುಡ್ಡೆಗೆ ಹಾಕಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಕೈಯಲ್ಲಿದ್ದ ಪುಸ್ತಕದ ಕಡೆ ನೋಡುತ್ತಾ ಹೇಳಿದರು:

'ಆಗ್ಲಿಂದ ಒಂದ್ ಪುಟಾನೂ ತಿರುವಾಕ್ದೇನೇ ಇಷ್ಟುದ್ದ ಓದಿದ್ದೀಯಲ್ಲ ಕಣವ್ವ, ಇದೊಂದ್ನೂ ಓದ್ಬುಡು. ಅವ್ರವ್ವ ಬಂದು, ಕೈ ಇಡ್ಕೊಂಡು, ಮನೆಗ್ ಕರ್ಕೊಂಡೋದ್ಲು ಅಂತ.'